ರಕ್ತದ ನೆನಪನ್ನು ಅಳೆದವರು

1846ನೆಯ ಇಸವಿಯಲ್ಲಿ ಕೋಪನ್‌ಹೇಗನ್ನಿನಿಂದ ಹೊರಟ ಹಡಗೊಂದರ ಸಂಗಡ ದಡಾರವೂ ಫಾರೋ ದ್ವೀಪಗಳನ್ನು ಮುಟ್ಟಿತು. ಅಟ್ಲಾಂಟಿಕ್ ಸಾಗರದ ಉತ್ತರ ಭಾಗದಲ್ಲಿ ಕುರಿ ಸಾಕಿ, ಮೀನು ಹಿಡಿದು ಬಾಳುತ್ತಿದ್ದ ಸುಮಾರು 7,800 ಜನರ ನಾಡು ಅದು. ಕೆಲವೇ ತಿಂಗಳುಗಳಲ್ಲಿ ಅವರಲ್ಲಿ 6,000 ಮಂದಿ ಹಾಸಿಗೆ ಹಿಡಿದರು. ಡೆನ್ಮಾರ್ಕಿನ ಸರ್ಕಾರ ಅಲ್ಲಿಗೆ ಕಳುಹಿಸಿದ ವೈದ್ಯರಲ್ಲಿ ಪೀಟರ್ ಲುಡ್ವಿಗ್ ಪಾನುಮ್ ಎಂಬ ಇಪ್ಪತ್ತೈದರ ತರುಣನಿದ್ದ. ಊರೂರು ಸುತ್ತಿದ ಆತನ ಕಣ್ಣಿಗೆ ಒಂದು ಸೋಜಿಗ ಬಿತ್ತು. ಆ ದ್ವೀಪಗಳಿಗೆ ಹಿಂದೆ ದಡಾರ ಬಂದದ್ದು 1781ರಲ್ಲಿ. ಅಂದು ಎಳೆಯ ವಯಸ್ಸಿನಲ್ಲಿ ಅದನ್ನು ಅನುಭವಿಸಿದ್ದ 98 ಮಂದಿ ವೃದ್ಧರನ್ನು ಆತ ಕಂಡ. ಅವರಲ್ಲಿ ಒಬ್ಬರಿಗೂ ರೋಗ ಮರಳಿ ತಗುಲಿರಲಿಲ್ಲ. ಅಂದು ಹೇಗೋ ತಪ್ಪಿಸಿಕೊಂಡಿದ್ದ ವೃದ್ಧರು ಮಾತ್ರ ಈಗ ಮೊಮ್ಮಕ್ಕಳ ಜೊತೆಗೇ ಮಲಗಿದ್ದರು.

ಅರವತ್ತೈದು ವರ್ಷಗಳ ಕಾಲ ದೇಹದೊಳಗೆ ಏನೋ ಒಂದು ನೆನಪು ಉಳಿದಿತ್ತು. ಆದರೆ ಅದನ್ನು ಅರಿಯಲು ಪಾನುಮನಿಗೆ ಇದ್ದ ಉಪಕರಣ ಒಂದೇ: ಇನ್ನೊಂದು ಸಾಂಕ್ರಾಮಿಕ. ಜನ ಮತ್ತೊಮ್ಮೆ ನರಳದೆ ಆ ನೆನಪನ್ನು ಓದುವ ಬಗೆ ಆಗ ಇರಲಿಲ್ಲ.

ನಾನು ಕನ್ನಡದ ಮೇಷ್ಟರು. ವಿಜ್ಞಾನ ನನ್ನ ವ್ಯಾಸಂಗದ ವಿಷಯವಲ್ಲ. ಆದರೂ ಶಾಸನಗಳನ್ನು ಓದಿಸಿದವನಿಗೆ ಈ ಕಥೆ ದೂರದ್ದೆಂದು ತೋರದು. ಇಲ್ಲಿಯೂ ಓದಬೇಕಾದುದು ಹಿಂದೆಂದೋ ಕೆತ್ತಿದ ಬರಹವನ್ನೇ.

ರಕ್ತದಲ್ಲಿ ಅಂಥ ರಕ್ಷಕ ವಸ್ತುವಿದೆಯೆಂದು 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ತೋರಿಸಿದರು. ಅದನ್ನೇ ನಾವು ಪ್ರತಿಕಾಯ ಎನ್ನುತ್ತೇವೆ. ವೈರಸ್ಸಿನ ವಿಷಯದಲ್ಲಿ ಅದನ್ನು ಸುಲಭವಾಗಿ ಅಳೆಯುವ ದಾರಿ ದೊರೆತದ್ದು 1941ರಲ್ಲಿ, ಅದೂ ಆಕಸ್ಮಿಕವಾಗಿ. ನ್ಯೂಯಾರ್ಕಿನ ಜಾರ್ಜ್ ಹರ್ಸ್ಟ್ ಇನ್‌ಫ್ಲುಯೆಂಜಾ ವೈರಸ್ಸನ್ನು ಕೋಳಿಯ ಮೊಟ್ಟೆಯಲ್ಲಿ ಬೆಳೆಸುತ್ತಿದ್ದರು. ಅದರ ದ್ರವವನ್ನು ತೆಗೆಯುವಾಗ ರಕ್ತನಾಳ ಹರಿದು ರಕ್ತ ಬೆರೆಯಿತು. ಕೆಂಪು ಕಣಗಳು ಒಂದಕ್ಕೊಂದು ಅಂಟಿ ಗುಂಪುಗೂಡಿದವು. ವೈರಸ್ಸೇ ಅವನ್ನು ಹೆಣೆಯುತ್ತಿತ್ತು. ರೋಗದಿಂದ ಎದ್ದವರ ಸೀರಮ್ಮನ್ನು ಬೆರೆಸಿದರೆ ಆ ಹೆಣಿಗೆ ನಿಲ್ಲುತ್ತಿತ್ತು. ಸೀರಮ್ಮಿಗೆ ಹತ್ತು ಪಟ್ಟು, ಇಪ್ಪತ್ತು ಪಟ್ಟು, ನಲವತ್ತು ಪಟ್ಟು ಎಂದು ನೀರು ಕೂಡಿಸುತ್ತ ಹೋಗಿ, ಯಾವ ಮಟ್ಟದವರೆಗೆ ಅದು ತಡೆಯಬಲ್ಲುದೋ ಅದೇ ಅದರ ಬಲದ ಅಳತೆ. ತಡೆದ ಕಡೆ ಕಣಗಳು ನಳಿಗೆಯ ತಳದಲ್ಲಿ ಕುಂಕುಮದ ಬೊಟ್ಟಿನಂತೆ ಕೂಡುತ್ತವೆ. ತಡೆಯದ ಕಡೆ ತೆಳುವಾಗಿ ಹರಡಿಕೊಳ್ಳುತ್ತವೆ. ಬರಿಗಣ್ಣಿಗೇ ಕಾಣುವ ಈ ಪರೀಕ್ಷೆಯ ಅಂದಕ್ಕೆ ನಾನು ಇಂದಿಗೂ ಮಾರುಹೋಗಿದ್ದೇನೆ.

ನಮ್ಮ ನಾಡಿಗೂ ಇಂಥ ಪರೀಕ್ಷೆಗಳ ಅಗತ್ಯ ಬಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗಳಲ್ಲಿ ಜ್ವರ ಹಬ್ಬಿತು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದನ್ನು ಕಂಡ ತಜ್ಞರಿಗೆ ಮೊದಲು ಹೊಳೆದದ್ದು ಆಫ್ರಿಕದ ಹಳದಿ ಜ್ವರ. ಆ ರೋಗವನ್ನು ಹರಡಬಲ್ಲ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿತ್ತು, ಅದನ್ನು ಎದುರಿಸುವ ಶಕ್ತಿ ನಮ್ಮ ಜನಕ್ಕಿರಲಿಲ್ಲ. ಪುಣೆಯ ವೈರಸ್ ಸಂಶೋಧನ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರು ವೈರಸ್ಸನ್ನು ಬೇರ್ಪಡಿಸಿ, ಪ್ರತಿಕಾಯಗಳ ಸಾಕ್ಷ್ಯ ಪಡೆದಾಗ ಅದು ಹಳದಿ ಜ್ವರವಲ್ಲವೆಂದು ತಿಳಿಯಿತು. ಅದು ಉಣುಗುಗಳಿಂದ ಹರಡುವ ರಷ್ಯದ ಮೆದುಳುಜ್ವರದ ದಾಯಾದಿಯಾಗಿತ್ತು. ಆದರೆ ಈ ಸಾಕ್ಷಿಗೆ ಒಂದು ದೌರ್ಬಲ್ಯವಿದೆ. ಡೆಂಗಿಯೇ ಮೊದಲಾದ ದೂರದ ನೆಂಟರಿಗಾಗಿ ಹುಟ್ಟಿದ ಪ್ರತಿಕಾಯಗಳೂ ಕೆಲವೊಮ್ಮೆ ಓಗೊಡುತ್ತವೆ.

ಹಳೆಯ ಪರೀಕ್ಷೆಗಳು ಎಷ್ಟಿದೆಯೆಂದು ಹೇಳುತ್ತಿದ್ದವು. ಪ್ರತಿಕಾಯ ಬಂದು ಹಿಡಿಯುವುದನ್ನು, ಬಿಡುವುದನ್ನು ತೋರಿಸುತ್ತಿರಲಿಲ್ಲ. 1983ರಲ್ಲಿ ಸ್ವೀಡನ್ನಿನ ಲೀಡ್‌ಬರ್ಗ್, ನೈಲಾಂಡರ್, ಲುಂಡ್‌ಸ್ಟ್ರೋಮ್ ಎಂಬ ಮೂವರು ಅದಕ್ಕೆ ಬೆಳಕನ್ನು ನೇಮಿಸಿದರು. 1990ರಲ್ಲಿ ಆ ತತ್ತ್ವದ ಯಂತ್ರ ಮಾರುಕಟ್ಟೆಗೆ ಬಂದಿತು. ಬಯೋಸೆನ್ಸರ್ ಎಂಬ ಕುಲದ ಒಂದು ಬಳ್ಳಿ ಇದು. ಗಾಜಿನ ಮೇಲೆ ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಚಿನ್ನದ ತೆರೆ. ಕೆಳಗಿನಿಂದ ಬೆಳಕು ಬಿದ್ದಾಗ, ಒಂದು ನಿರ್ದಿಷ್ಟ ಕೋನದಲ್ಲಿ ಮಾತ್ರ ಅದು ಪ್ರತಿಫಲಿಸದೆ ಮಂಕಾಗುತ್ತದೆ; ಅದರ ಶಕ್ತಿಯನ್ನು ಚಿನ್ನದ ಎಲೆಕ್ಟ್ರಾನುಗಳು ಹೀರಿಕೊಂಡಿರುತ್ತವೆ. ತೆರೆಯ ಮೇಲುಬದಿಗೆ ಏನಾದರೂ ಅಂಟಿದರೆ ಆ ಕೋನ ಸರಿಯುತ್ತದೆ. ಅಲ್ಲಿ ವೈರಸ್ಸಿನ ಪ್ರೋಟೀನನ್ನು ನೆಲೆಗೊಳಿಸಿ, ಮೇಲೆ ಸೀರಮ್ಮನ್ನು ಹರಿಸಿದರೆ ಪ್ರತಿಕಾಯಗಳು ಬಂದು ಹಿಡಿಯುವುದು ಕ್ಷಣಕ್ಷಣವೂ ರೇಖೆಯಾಗಿ ಏರುತ್ತದೆ. ಬಳಿಕ ಬರಿಯ ಲವಣದ್ರಾವಣವನ್ನು ಹರಿಸಿದರೆ, ಬಿಡುವವು ಬಿಡುತ್ತವೆ, ರೇಖೆ ಇಳಿಯುತ್ತದೆ. ಸೀರಮ್ಮಿನ ಇತರ ವಸ್ತುಗಳೂ ಚಿನ್ನಕ್ಕೆ ಅಂಟಿ ಲೆಕ್ಕ ಕೆಡಿಸುವುದರಿಂದ, ಪ್ರೋಟೀನಿಲ್ಲದ ಮತ್ತೊಂದು ಕಾಲುವೆಯ ಅಂಕಿಯನ್ನು ಕಳೆಯಬೇಕಾಗುತ್ತದೆ.

ಇಷ್ಟೆಲ್ಲ ಶ್ರಮವೇಕೆ? ಹೊಸ ಸೋಂಕಿನ ಪ್ರತಿಕಾಯಗಳ ಹಿಡಿತ ಸಡಿಲ. ತಿಂಗಳುಗಳು ಕಳೆದಂತೆ ಅದು ಬಿಗಿಯಾಗುತ್ತದೆ. ಅಕ್ಷರದ ವಟ್ಟವನ್ನು ನೋಡಿ ತೇದಿಯಿಲ್ಲದ ಶಾಸನದ ಶತಮಾನವನ್ನು ಗುರುತಿಸುವಂತೆ, ಹಿಡಿತವನ್ನು ನೋಡಿ ಸೋಂಕಿನ ವಯಸ್ಸನ್ನು ಊಹಿಸಬಹುದು. ಗರ್ಭಿಣಿಯೊಬ್ಬಳ ರಕ್ತದಲ್ಲಿ ರುಬೆಲ್ಲಾ ವೈರಸ್ಸಿನ ಪ್ರತಿಕಾಯ ಕಂಡಿತೆನ್ನಿ. ಅದು ಬಾಲ್ಯದ್ದಾದರೆ ಚಿಂತೆಯಿಲ್ಲ. ಈ ಎರಡು ತಿಂಗಳಿನದಾದರೆ ಒಡಲ ಕೂಸಿನ ಕಣ್ಣು, ಕಿವಿ, ಹೃದಯ ಅಪಾಯದಲ್ಲಿವೆ. ಹಿಡಿತವನ್ನು ಅಳೆಯಲು ಯಂತ್ರವೇ ಬೇಕೆಂದಿಲ್ಲ; ಯೂರಿಯಾದಿಂದ ತೊಳೆದು ನೋಡುವ ಅಗ್ಗದ ವಿಧಾನವೂ ಆಸ್ಪತ್ರೆಗಳಲ್ಲಿದೆ. ಚಿನ್ನದ ತೆರೆಯಾದರೋ ಆ ಬಿಡುಗಡೆಯ ವೇಗವನ್ನೇ ಬರೆದು ತೋರಿಸುತ್ತದೆ.

2008ರಲ್ಲಿ ಅಮೆರಿಕದ ಸಂಶೋಧಕರು 91ರಿಂದ 101 ವರ್ಷ ವಯಸ್ಸಿನ 32 ಮಂದಿಯ ರಕ್ತವನ್ನು ಪರೀಕ್ಷಿಸಿದರು. 1918ರ ಮಹಾ ಇನ್‌ಫ್ಲುಯೆಂಜಾದ ಕಾಲಕ್ಕೆ ಇವರೆಲ್ಲ ಮಕ್ಕಳು. ಮನೆಯವರು ಮಲಗಿದ್ದುದನ್ನು ಹಲವರು ಇನ್ನೂ ನೆನೆಯುತ್ತಿದ್ದರು. ತೊಂಬತ್ತು ವರ್ಷಗಳ ತರುವಾಯ ಆ ಮೂವತ್ತೆರಡೂ ಮಂದಿಯ ರಕ್ತದಲ್ಲಿ 1918ರ ವೈರಸ್ಸನ್ನು ಗುರುತಿಸುವ ಪ್ರತಿಕಾಯಗಳಿದ್ದವು. ಅವರಲ್ಲಿ ಕೆಲವರ ಜೀವಕೋಶಗಳಿಂದ ಪ್ರತಿಕಾಯಗಳನ್ನು ಪಡೆದು ಇಲಿಗಳಿಗೆ ಕೊಟ್ಟಾಗ, ಆ ಇಲಿಗಳು 1918ರ ವೈರಸ್ಸಿನ ಸೋಂಕಿನಿಂದ ಬದುಕಿ ಉಳಿದವು.