ಗಡ್ಡೆಯ ಜೊತೆ ಹೋದದ್ದೇನು?

ಹುಲಿಕಲ್ ಘಟ್ಟದ ಮಳೆ ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ. ಅದೇ ಮಳೆಯಲ್ಲಿ ನಮ್ಮ ಹೆಂಗಸರು ಬೆನ್ನು ಬಗ್ಗಿಸಿ ಸಸಿ ನೆಡುತ್ತಾರೆ. ಹೊಟ್ಟೆನೋವು ಬಂದರೆ ಕಷಾಯ. ಹೊಟ್ಟೆ ಊದಿದರೆ ಚೌಡಿಗೆ ಹರಕೆ. ಮದುವೆಯಾಗದ ಹುಡುಗಿಯ ಹೊಟ್ಟೆ ಊದಿದರೆ ಹರಕೆಯೂ ಇಲ್ಲ, ಬರೀ ಬಯ್ಗುಳ. "ಯಾರದ್ದು ಹೇಳೆ" ಅಂತ ಕೇಳುವವರೇ ಎಲ್ಲ. ಒಳಗೆ ಗಡ್ಡೆ ಇರಬಹುದು ಅನ್ನುವವರಿಲ್ಲ.

ನಮ್ಮ ಕೇರಿಯ ಅಕ್ಕ ಒಬ್ಬಳಿಗೆ ಹೀಗೇ ಆಯಿತು. ಆಗ ಅವಳಿಗೆ ಹತ್ತೊಂಬತ್ತು. ಆಸ್ಪತ್ರೆ ಸೇರುವ ಹೊತ್ತಿಗೆ ಗಡ್ಡೆ ತೆಂಗಿನಕಾಯಿಯಷ್ಟಾಗಿತ್ತು. ಅಪ್ಪ ಹೆಬ್ಬೆಟ್ಟು ಒತ್ತಿದ. ಗಡ್ಡೆ ತೆಗೆದರು, ಬದುಕಿದಳು. ಮೂರು ವರ್ಷದ ಮೇಲೆ, ಕೇರಿಯಲ್ಲಿ ಮೊದಲು ಕಾಲೇಜು ಕಂಡ ನಾವು, ಅವಳ ಆಸ್ಪತ್ರೆ ಚೀಟಿ ಓದಿ ಹೇಳಿದೆವು: ಗರ್ಭಕೋಶ, ಎರಡೂ ಅಂಡಾಶಯ, ಎಲ್ಲ ತೆಗೆದಿದ್ದಾರೆ. ಮುಟ್ಟು ನಿಂತದ್ದು ಔಷಧಿಯ ಉಷ್ಣಕ್ಕೆ ಅಂತ ಅವಳು ಅಲ್ಲಿಯವರೆಗೆ ತಿಳಿದಿದ್ದಳು. "ಹಂಗಾರೆ ನಂಗೆ ಮಕ್ಳಾಗದೇ ಇಲ್ವನಾ?" ಅಂದಳು. ನಮ್ಮ ಡಿಗ್ರಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಜೀವ ಉಳಿಸಲು ಅಷ್ಟನ್ನೂ ತೆಗೆಯಲೇಬೇಕಿತ್ತೋ ಏನೋ. ಅಂಥ ರೋಗಗಳೂ ಇವೆ. ನಮ್ಮ ಸಿಟ್ಟು ಅದಲ್ಲ. ಅವಳಿಗೆ ಯಾರೂ ಹೇಳಲಿಲ್ಲ. 'ಏನಾದರೂ ಉಳಿಸಬಹುದಾ' ಅಂತ ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ. ಆ ಪ್ರಶ್ನೆ ಎಲ್ಲಿಂದ ಬಂತು, ನಮ್ಮ ಕೇರಿಗೆ ಯಾಕೆ ಬರಲಿಲ್ಲ ಅಂತ ಚರಿತ್ರೆಯಲ್ಲಿ ಹುಡುಕಿದೆವು.

1809ರಲ್ಲಿ ಅಮೆರಿಕದ ಕೆಂಟಕಿಯಲ್ಲಿ ಎಫ್ರಾಯಿಂ ಮ್ಯಾಕ್‌ಡೊವೆಲ್ ಎಂಬ ವೈದ್ಯ ಜೇನ್ ಕ್ರಾಫರ್ಡ್ ಎಂಬ ಹೆಂಗಸಿನ ಹೊಟ್ಟೆ ಕೊಯ್ದು ಹತ್ತು ಕಿಲೋ ತೂಕದ ಅಂಡಾಶಯದ ಗಡ್ಡೆ ತೆಗೆದ. ಅವಳು ನೂರು ಕಿಲೋಮೀಟರಿನಷ್ಟು ದಾರಿ ಕುದುರೆಯ ಮೇಲೆ ಬಂದಿದ್ದಳು. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಅವಳು ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಬಾಳಿದಳು. ಚರಿತ್ರೆ ಅವಳ ಹೆಸರನ್ನು ಕೊಂಡಾಡುತ್ತದೆ, ಸರಿಯೇ. ಆದರೆ 1817ರಲ್ಲಿ ಅದೇ ವೈದ್ಯ ಬರೆದ ವರದಿಯಲ್ಲಿ ಆಮೇಲೆ ಕೊಯ್ಯಿಸಿಕೊಂಡ ಕಪ್ಪು ಹೆಂಗಸರಿಗೆ ಹೆಸರಿಲ್ಲ. ಅದು ಗುಲಾಮಗಿರಿಯ ಕಾಲ. ವಿದ್ಯೆ ಅವರ ಮೈಯಿಂದಲೂ ಕಲಿಯಿತು, ಹೆಸರು ಬರೆದಿಡಲಿಲ್ಲ.

1872ರಲ್ಲಿ ಅದೇ ದೇಶದ ರಾಬರ್ಟ್ ಬ್ಯಾಟಿ ಇನ್ನೊಂದು ದಾರಿ ಹಿಡಿದ. ಗಡ್ಡೆಯೇ ಇಲ್ಲದ ಅಂಡಾಶಯಗಳನ್ನೂ ತೆಗೆಯತೊಡಗಿದ. ಮುಟ್ಟಿನ ನೋವಿಗೆ ಅದೇ ಮದ್ದು, ಹುಚ್ಚಿಗೂ ಅದೇ ಮದ್ದು ಎಂದರು. ಹಲವು ದೇಶಗಳ ವೈದ್ಯರು ಹಿಂಬಾಲಿಸಿದರು. ಅಂಡಾಶಯ ಹೋದರೆ ಮಕ್ಕಳಾಗದಿರುವುದಷ್ಟೇ ಅಲ್ಲ, ಚಿಕ್ಕ ವಯಸ್ಸಿಗೇ ಮುಟ್ಟು ನಿಂತು ಮೂಳೆ ಸವೆಯುತ್ತದೆ. ತೆಗೆಯುವ ಕೈ ಮುಂದೆ ಓಡಿತು. ಉಳಿಸುವ ಬುದ್ಧಿ ಹಿಂದೆ ಕುಂಟುತ್ತಾ ಬಂತು.

ಆದರೂ ಬಂತು. ಎಳೆಯ ಹುಡುಗಿಯರಿಗೆ ಬರುವ ಅಂಡಾಶಯದ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಗಡ್ಡೆ ಬಿಡಿಸಿ ಅಂಡಾಶಯ ಉಳಿಸಬಹುದು. ಕ್ಯಾನ್ಸರ್ ಆದರೂ, ಆ ವಯಸ್ಸಿನಲ್ಲಿ ಮೊಟ್ಟೆಯ ಜೀವಕೋಶದಿಂದ ಹುಟ್ಟುವ ಬಗೆಯದು ಸಾಮಾನ್ಯ, ಅದು ಹೆಚ್ಚಾಗಿ ಒಂದೇ ಬದಿಗಿರುತ್ತದೆ. ಹಿಂದೆ ಅಂಥ ಎಷ್ಟೋ ಹುಡುಗಿಯರು ಸಾಯುತ್ತಿದ್ದರು. 1970ರ ದಶಕದಲ್ಲಿ ಸಿಸ್‌ಪ್ಲಾಟಿನ್ ಎಂಬ ಔಷಧಿ ಬಂದ ಮೇಲೆ ಲೆಕ್ಕ ಬದಲಾಯಿತು. ಈಗ ರೋಗದ ಅಂಡಾಶಯವನ್ನಷ್ಟೇ ತೆಗೆದು, ಇನ್ನೊಂದನ್ನೂ ಗರ್ಭಕೋಶವನ್ನೂ ಬಿಟ್ಟು, ಬೇಕಾದವರಿಗೆ ಔಷಧಿ ಕೊಡುತ್ತಾರೆ. ಬಹುಪಾಲು ಹುಡುಗಿಯರು ಬದುಕುತ್ತಾರೆ. ಒಂದೇ ಅಂಡಾಶಯದಲ್ಲಿ ಮುಟ್ಟಾಗಿ, ಬಸಿರಾಗಿ, ಹೆತ್ತವರು ಎಷ್ಟೋ ಮಂದಿ. ಬೇರೆ ಬಗೆಯ ಕ್ಯಾನ್ಸರಿನಲ್ಲೂ ಮೊದಲ ಹಂತದಲ್ಲೇ ಸಿಕ್ಕರೆ ಕೆಲವರಿಗೆ ಇದು ಸಾಧ್ಯ. ರೋಗ ಹರಡಿದ್ದರೆ ಕಷ್ಟ. 1984ರಲ್ಲಿ ಆಸ್ಟ್ರೇಲಿಯದಲ್ಲಿ ಹೆಪ್ಪುಗಟ್ಟಿಸಿಟ್ಟ ಭ್ರೂಣದಿಂದ ಮೊದಲ ಮಗು ಹುಟ್ಟಿತು. ಈಗ ಮೊಟ್ಟೆಯನ್ನೂ ಹಾಗೆ ಇಡುತ್ತಾರೆ. ಅದು ದುಡ್ಡಿದ್ದವರ ದಾರಿ. ಒಂದು ಅಂಡಾಶಯ ಬಿಟ್ಟು ಹೊಲಿಯುವುದಕ್ಕೆ ಅಂಥ ದುಡ್ಡು ಬೇಡ. ಬೇಗ ಬರುವುದು, ಸರಿಯಾಗಿ ಪರೀಕ್ಷಿಸುವುದು, ಕೊಯ್ಯುವ ಮೊದಲು ಯೋಚಿಸುವುದು ಬೇಕು.

ನಮ್ಮ ಪಾಲಿಗೆ ಬಂದದ್ದೇನು? ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸಂಸ್ಥೆ ಶುರುವಾಯಿತು. ಹೊಸನಗರದಿಂದ ಅದು ಒಂದು ರಾತ್ರಿಯ ಬಸ್ಸು. ಬಡವರ ಬಸಿರನ್ನು ಸರ್ಕಾರ ಮರೆತಿರಲಿಲ್ಲ, ಆದರೆ ನಿಲ್ಲಿಸುವುದಕ್ಕೆ ಮಾತ್ರ ನೆನೆಯಿತು. 1975-77ರ ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಹಿಡಿದು ಆಪರೇಷನ್ ಮಾಡಿದರು. ಆಮೇಲೆ ಆ ಕತ್ತಿ ಹೆಂಗಸರ ಕಡೆ ತಿರುಗಿತು. 2015ರ ಸುಮಾರಿಗೆ ಕಲಬುರಗಿಯ ಲಂಬಾಣಿ, ದಲಿತ ಹೆಂಗಸರು ಬಾಯಿ ಬಿಟ್ಟರು. 'ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ' ಅಂತ ಹೆದರಿಸಿ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶ ತೆಗೆದಿದ್ದರು. ರೋಗ ಇಲ್ಲದವಳಿಗೆ ಕ್ಯಾನ್ಸರಿನ ಹೆದರಿಕೆ. ರೋಗ ಇದ್ದವಳಿಗೆ ಮೌನ. ಎರಡು ಕಡೆಯೂ ನಮ್ಮವರನ್ನು ಕೇಳಿದವರಿಲ್ಲ. 'ಇವರಿಗೆ ಇನ್ನೆಷ್ಟು ಮಕ್ಕಳು ಬೇಕು' ಎನ್ನುವ ಊರೇ ಮಕ್ಕಳಾಗದವಳನ್ನು ಬಂಜೆ ಅಂತ ಸೀಮಂತಕ್ಕೆ ಕರೆಯುವುದಿಲ್ಲ.

ಕಾನೂನು ಕೂಡ ಒಂದು ಹೆಂಗಸಿನ ಮೈಯಿಂದಲೇ ಕಲಿಯಿತು. 1995ರಲ್ಲಿ ದೆಹಲಿಯ ಒಬ್ಬ ಅವಿವಾಹಿತೆ ಪರೀಕ್ಷೆಗೆಂದು ಮಲಗಿದಳು. ಅವಳಿಗೆ ಎಚ್ಚರವಿಲ್ಲದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದರು. 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ, ವಯಸ್ಸಿಗೆ ಬಂದ ಹೆಂಗಸಿನ ಬದಲು ತಾಯಿಯ ಒಪ್ಪಿಗೆ ಸಾಲದು, ಪರೀಕ್ಷೆಗೆ ಒಪ್ಪಿದ್ದು ತೆಗೆಯಲು ಒಪ್ಪಿದ್ದಲ್ಲ. ನಮ್ಮ ಅಕ್ಕನಿಗೆ ಹತ್ತೊಂಬತ್ತಾಗಿತ್ತು. ಹೆಬ್ಬೆಟ್ಟು ಮಾತ್ರ ಅಪ್ಪನದು.

ಗೆಳೆಯರೇ, ಹಳ್ಳಿಯ ಮೇಷ್ಟ್ರೇ, ಭಾಷಣ ಸಾಕು. ಹೊಟ್ಟೆ ಊದಿದ ಹುಡುಗಿಯನ್ನು ಬಯ್ಯುವ ಮೊದಲು ಸ್ಕ್ಯಾನಿಂಗಿಗೆ ಕರೆದೊಯ್ಯಿರಿ. ಶಿವಮೊಗ್ಗಕ್ಕೆ ಹೋಗಲಿ, ಘಟ್ಟ ಇಳಿದು ಮಣಿಪಾಲಕ್ಕೆ ಹೋಗಲಿ, ಜೊತೆಗೆ ಓದು ಬಲ್ಲ ಒಬ್ಬರು ಇರಲಿ. ಅವಳೇ ಕೇಳಲಿ: ಇದು ಎಂಥ ಗಡ್ಡೆ? ಒಂದು ಅಂಡಾಶಯ ಉಳಿಸಬಹುದಾ? ಗರ್ಭಕೋಶ ಉಳಿಸಬಹುದಾ? ಆಗದಿದ್ದರೆ ಯಾಕೆ? ಮಕ್ಕಳು ಬೇಕೋ ಬೇಡವೋ ಅವಳಿಷ್ಟ. ಆ ಇಷ್ಟವನ್ನು ಅವಳು ಮಲಗಿದ್ದಾಗ ಕಿತ್ತುಕೊಳ್ಳಬಾರದು.

ಹೆಬ್ಬೆಟ್ಟು ಒತ್ತುವ ಮೊದಲು ಕಾಗದ ಓದಿಸಿಕೊಳ್ಳಿ. ಓದಲು ಈಗ ನಾವಿದ್ದೇವೆ.