ಅರ್ಜಿಯ ಲೆಕ್ಕ, ಗಡಿಯ ಊರು: 2020ರ ನಿರುದ್ಯೋಗವನ್ನು ಅಂದಾಜಿಸುವ ಬಗೆ

2020ರ ಮಾರ್ಚ್ 21ಕ್ಕೆ ಮುಗಿದ ಒಂದೇ ವಾರದಲ್ಲಿ ಅಮೆರಿಕದಲ್ಲಿ ನಿರುದ್ಯೋಗ ವಿಮೆಗೆ ಸುಮಾರು 33 ಲಕ್ಷ ಹೊಸ ಅರ್ಜಿಗಳು ಬಂದವು. ಅಧಿಕೃತ ಅಂಕಿ ಬರೋಕೆ ಮುಂಚೆಯೇ, ಜನ ಗೂಗಲ್‌ನಲ್ಲಿ ಏನು ಹುಡುಕ್ತಿದ್ದಾರೆ ಅಂತ ರಾಜ್ಯವಾರು ನೋಡಿ, ಅಲ್ಲಿನ ಅರ್ಥಶಾಸ್ತ್ರಜ್ಞರು ಏರಿಕೆಯನ್ನು ಅಂದಾಜಿಸಿದ್ದರು. ಈ ವಿಧಾನವನ್ನು ಜಹೀರಾಬಾದ್, ನಾರಾಯಣಖೇಡ, ತಾಂಡೂರಿಗೆ ಹಚ್ಚಿದರೆ ಏನಾಗುತ್ತದೆ? ಅರ್ಜಿಯೇ ಹುಟ್ಟದ ಕಡೆ ಅರ್ಜಿಯ ಲೆಕ್ಕ ಕಷ್ಟವನ್ನು ಅಳೆಯಲಾರದು ಅನ್ನೋದು ನನ್ನ ವಾದ.

ನಮ್ಮಲ್ಲಿ ನಿರುದ್ಯೋಗ ವಿಮೆಗೆ ಹತ್ತಿರದ್ದು ಇಎಸ್‌ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈನಲ್ಲಿ ಶುರುವಾದಾಗ, ಕೆಲಸ ಹೋದವರಿಗೆ ಸರಾಸರಿ ವೇತನದ ಶೇ. 25ರಷ್ಟು, ಗರಿಷ್ಠ 90 ದಿನ ಸಿಗುತ್ತಿತ್ತು. 2020ರಲ್ಲಿ ಅದನ್ನು ಶೇ. 50ಕ್ಕೆ ಏರಿಸಿ, 90 ದಿನ ಕಾಯುವ ಬದಲು 30 ದಿನಕ್ಕೇ ಕೇಳಬಹುದು ಅಂದರು. ಮಾಲೀಕರ ಮೂಲಕವೇ ಅರ್ಜಿ ಬರಬೇಕೆಂಬ ಷರತ್ತನ್ನೂ ಕೈಬಿಟ್ಟರು. ಹಾಗಾದರೆ ಆ ವರ್ಷ ಅರ್ಜಿ ಏರಿದ್ದು ಕಷ್ಟ ಹೆಚ್ಚಿದ್ದಕ್ಕೋ, ಬಾಗಿಲು ಅಗಲವಾದದ್ದಕ್ಕೋ? ಬರೀ ಅಂಕಿ ಇದನ್ನು ಹೇಳೋದಿಲ್ಲ.

ಮೂರು ಊರುಗಳ ಕೆಲಸವೂ ಒಂದೇ ತರಹದ್ದಲ್ಲ. ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆಯ ಕಾರ್ಮಿಕ ವಿಮೆಯ ಪಟ್ಟಿಯಲ್ಲಿ ಸಿಗಬಹುದು. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವವರ ಘಟಕದಲ್ಲಿ ಹತ್ತು ಜನ ಇಲ್ಲದಿದ್ದರೆ 2020ರಲ್ಲಿ ಇಎಸ್‌ಐ ಕಾಯ್ದೆ ಅನ್ವಯವಾಗುತ್ತಿರಲಿಲ್ಲ. ನಾರಾಯಣಖೇಡದ ತಾಂಡಾಗಳಿಂದ ಕಬ್ಬು ಕಡಿಯೋಕೆ ಗುಳೆ ಹೋಗೋರಿಗಂತೂ ವಿಮೆಯೇ ದೂರ. 2020ರಲ್ಲಿ ಅವರಿಗಿದ್ದದ್ದು 2005ರ ಉದ್ಯೋಗ ಖಾತ್ರಿ ಕಾಯ್ದೆ. ಕೆಲಸ ಕೇಳಿ 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಅದರಲ್ಲೇ ಇತ್ತು. ಆದರೆ ಕೆಲಸ ಕೇಳಿದ ತಾರೀಖು ದಾಖಲಾಗದಿದ್ದರೆ ಆ ಹಕ್ಕನ್ನು ಸಾಬೀತು ಮಾಡೋದು ಹೇಗೆ? ಮೇಲಾಗಿ ಈ ಕಾಯ್ದೆ ಇದ್ದದ್ದು ಹಳ್ಳಿಗಷ್ಟೇ. ತಾಂಡೂರು ಪಟ್ಟಣದ ಕೂಲಿ ಎರಡೂ ಲೆಕ್ಕದ ಹೊರಗೆ ಉಳಿಯುತ್ತಿದ್ದ.

ಇಲ್ಲಿ ಇತಿಹಾಸವೂ ಸೇರಿಕೊಳ್ಳುತ್ತದೆ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದ್ ತಾಲ್ಲೂಕಿನ ಬಹುಪಾಲು ಮೆದಕ್‌ಗೆ ಹೋದವು, ಗುಲಬರ್ಗಾದ ತಾಂಡೂರು ಹೈದರಾಬಾದ್ ಜಿಲ್ಲೆಗೆ ಹೋಯಿತು. 2016ರಿಂದ ಮೊದಲೆರಡು ಸಂಗಾರೆಡ್ಡಿಯಲ್ಲಿ, ತಾಂಡೂರು ವಿಕಾರಾಬಾದಿನಲ್ಲಿ ಇವೆ. ಜಿಲ್ಲಾವಾರು ಅಂಕಿಗಳನ್ನು ಹಿಂದಿನವುಗಳ ಜೊತೆ ನೇರವಾಗಿ ಹೋಲಿಸೋಕೆ ಬರೋದಿಲ್ಲ. ಗಡಿ ಬದಲಾದರೂ ಕನ್ನಡ ಮಾತಾಡೋ ಮನೆಗಳು, ಬೀದರ್ ಕಡೆಯ ದುಡಿಮೆ ನಿಲ್ಲಲಿಲ್ಲ. ಬೀದರಿನಲ್ಲಿ ಕೆಲಸ ಕಳಕೊಂಡವನು ನಾರಾಯಣಖೇಡಕ್ಕೆ ಮರಳಿದರೆ ಕೆಲಸ ಹೋದದ್ದು ಕರ್ನಾಟಕದಲ್ಲಿ, ಹಸಿವು ತೆಲಂಗಾಣದಲ್ಲಿ.

ಆದ್ದರಿಂದ ವಿಮೆಯ ಅರ್ಜಿ, ಖಾತ್ರಿ ಕೆಲಸದ ಬೇಡಿಕೆ, ಗುಳೆಯಿಂದ ಮರಳಿದವರ ಪಟ್ಟಿ, ಮೂರನ್ನೂ ಊರುವಾರು ಜೊತೆಗಿಟ್ಟು ಓದಬೇಕು. ಪರಿಹಾರ ಹಂಚುವವರು ಅರ್ಜಿಯನ್ನಷ್ಟೇ ಎಣಿಸಿದರೆ ಜಹೀರಾಬಾದಿನ ಕಾರ್ಖಾನೆ ಕಾಣುತ್ತದೆ, ನಾರಾಯಣಖೇಡದ ತಾಂಡಾ ಕಾಣೋದಿಲ್ಲ. ಚರ್ಚೆಯಲ್ಲಿ ನಿಮ್ಮ ಅಭಿಪ್ರಾಯ ಕೇಳೋಕೆ ಇಷ್ಟಪಡ್ತೀನಿ.