ಗಂಟೆಗೆ ಎಷ್ಟು ಗಂಟು?

ಬೆಳಿಗ್ಗೆ ಆಫೀಸಿಗೆ ಬಂದು ಲ್ಯಾಪ್‌ಟಾಪ್ ತೆರೆದು ‘ಲಾಗಿನ್’ ಆಗುತ್ತೇವಲ್ಲ, ಆ ಪದದ ಹಿಂದೆ ಒಂದು ಮರದ ತುಂಡಿದೆ. ಇಂಗ್ಲಿಷಿನ ‘ಲಾಗ್’ ಅಂದರೆ ಕೊರಡು. ಹಡಗಿನ ವೇಗ ಅಳೆಯಲು ನಾವಿಕರು ಅದನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಎಸೆಯುತ್ತಿದ್ದರು. ಸಿಕ್ಕ ಲೆಕ್ಕ ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯಿತು, ಅದರಲ್ಲಿ ಬರೆಯುವುದು ಲಾಗ್ ಮಾಡುವುದಾಯಿತು. ಈಗ ನಾವು ಟ್ಯಾಂಕರ್ ನೀರಿಗೆ ಕಾಯುವ ಊರಲ್ಲಿ ಕೂತು ದಿನಾ ಲಾಗಿನ್ ಆಗುತ್ತಿದ್ದೇವೆ.

ಉಪಕರಣ ಬಲು ಸರಳ. ಕಾಲು ವೃತ್ತದ ಆಕಾರದ ಒಂದು ಹಲಗೆ, ಅದರ ಬಾಗಿದ ಅಂಚಿಗೆ ಸೀಸದ ತೂಕ. ಹಾಗಾಗಿ ಅದು ನೀರಲ್ಲಿ ನೆಟ್ಟಗೆ ನಿಲ್ಲುತ್ತದೆ, ಹಡಗಿನ ಹಿಂದೆ ಎಳೆದುಕೊಂಡು ಬರದೆ ಬಿದ್ದಲ್ಲೇ ಉಳಿಯುತ್ತದೆ. ಅದಕ್ಕೆ ಕಟ್ಟಿದ ಉದ್ದನೆಯ ಹಗ್ಗದಲ್ಲಿ ಸಮ ಅಂತರಕ್ಕೊಂದು ಗಂಟು. ಒಬ್ಬ ಹಗ್ಗ ಸುತ್ತಿದ ಉರುಳೆ ಹಿಡಿಯುತ್ತಾನೆ, ಇನ್ನೊಬ್ಬ ಮರಳು ಗಡಿಯಾರ ತಿರುಗಿಸುತ್ತಾನೆ, ಮೂರನೆಯವನು ಹಲಗೆ ಎಸೆದು ಕೈಯಿಂದ ಜಾರುವ ಗಂಟುಗಳನ್ನು ಎಣಿಸುತ್ತಾನೆ. ಮರಳು ಮುಗಿಯುವಷ್ಟರಲ್ಲಿ ಏಳು ಗಂಟು ಜಾರಿದರೆ ವೇಗ ಏಳು ‘ನಾಟ್’. ನಾಟ್ ಅಂದರೆ ಗಂಟೇ. ವಿಲಿಯಂ ಬೋರ್ನ್ ಎಂಬ ಇಂಗ್ಲಿಷಿನವನು 1574ರಲ್ಲೇ ಈ ವಿಧಾನವನ್ನು ಪುಸ್ತಕದಲ್ಲಿ ವಿವರಿಸಿದ್ದಾನೆ. ಗಂಟೆಗೆ ಇಷ್ಟು ಗಂಟು ಅಂತ ಹೇಳುವ ಸುಖ ಕನ್ನಡದಲ್ಲಿ ಮಾತ್ರ ಇದೆ. ಆದರೆ ಹಡಗಿನವರ ಮುಂದೆ ಹಾಗೆ ಹೇಳಬೇಡಿ, ನಾಟ್ ಅನ್ನುವುದರೊಳಗೇ ಗಂಟೆ ಸೇರಿಹೋಗಿದೆ.

ಗಂಟಿಂದ ಗಂಟಿಗೆ ಎಷ್ಟು ಅಂತರವಿರಬೇಕು? ನಾಟಿಕಲ್ ಮೈಲಿ ಅಂದರೆ ಒಂದು ಡಿಗ್ರಿ ಅಕ್ಷಾಂಶದ 60ನೇ ಒಂದು ಪಾಲು. ಹಳೆಯ ಇಂಗ್ಲಿಷ್ ನಾವಿಕರು ಅದನ್ನು 5,000 ಅಡಿ ಅಂತ ಹಿಡಿದು, 30 ಸೆಕೆಂಡಿನ ಗಡಿಯಾರಕ್ಕೆ 42 ಅಡಿಗೊಂದು ಗಂಟು ಹಾಕಿದ್ದರು. 1630ರ ದಶಕದಲ್ಲಿ ರಿಚರ್ಡ್ ನಾರ್‌ವುಡ್ ಎಂಬ ಗಣಿತದ ಮೇಷ್ಟ್ರು ಲಂಡನ್ನಿಂದ ಯಾರ್ಕ್‌ವರೆಗೆ ದಾರಿಯುದ್ದಕ್ಕೂ ಸರಪಳಿ ಎಳೆದು, ಕೆಲವು ಕಡೆ ಹೆಜ್ಜೆ ಎಣಿಸಿ ಅಳೆದ. ಮೈಲಿಗೆ 6,120 ಅಡಿ ಅಂದ. ಆ ಲೆಕ್ಕಕ್ಕೆ ಗಂಟುಗಳ ಅಂತರ 51 ಅಡಿ ಆಗಬೇಕು! ಸಮುದ್ರದ ಹಗ್ಗ ತಪ್ಪು ಅಂತ ಗೊತ್ತಾದದ್ದು ಒಬ್ಬ ಮನುಷ್ಯ ನೆಲದ ಮೇಲೆ ನಡೆದ ಮೇಲೆ. ಆದರೂ ಎಷ್ಟೋ ನಾವಿಕರು ಹಳೇ ಹಗ್ಗ ಬಿಡಲಿಲ್ಲ. ಅದು ಹಡಗು ನಿಜಕ್ಕಿಂತ ಮುಂದಿದೆ ಅಂತ ಸುಳ್ಳು ಹೇಳುತ್ತದೆ ನಿಜ, ಆದರೆ ದಡ ಇನ್ನೂ ದೂರ ಇರುವಾಗಲೇ ಎಚ್ಚರವಾಗಿರಬಹುದಲ್ಲ ಅನ್ನುವುದು ಅವರ ವಾದ. ಬಂಡೆಗೆ ಬಡಿದು ಸಾಯುವವರು ಅವರೇ ತಾನೆ, ಬೇಸಾಯದವನಿಗೆ ಮಳೆ ಲೆಕ್ಕ ಹೇಳಿಕೊಡಲು ಹೋಗಬಾರದು. ಕೊನೆಗೆ 28 ಸೆಕೆಂಡಿಗೆ 47 ಅಡಿ 3 ಅಂಗುಲ ಅನ್ನುವಲ್ಲಿಗೆ ವಿಷಯ ಬಂದು ನಿಂತಿತು.

ಅಂತರ ಸರಿಹೋದರೂ ಇನ್ನೊಂದು ತೊಡಕು ಉಳಿಯಿತು, ಅದಕ್ಕೆ ಹಗ್ಗದಲ್ಲಿ ಮದ್ದಿಲ್ಲ. ಕನಕಪುರದ ಆಚೆ ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಲ್ಲಿ ಹರಿಗೋಲು ಹತ್ತಿದ್ದೀರಾ? ನಡುಹೊಳೆಯಲ್ಲಿ ಅಂಬಿಗ ಹುಟ್ಟು ಎತ್ತಿ ಸುಮ್ಮನೆ ಕೂತಾಗ ಪಕ್ಕದಲ್ಲಿ ಒಂದು ಎಲೆ ಬಿಡಿ. ಎಲೆ ನಿಮ್ಮ ಜೊತೆಗೇ ಬರುತ್ತದೆ. ಹರಿಗೋಲು ಹೊಳೆಯೊಂದಿಗೆ ಸಾಗುತ್ತಲೇ ಇದೆ, ದಡದ ಮರಗಳು ಹಿಂದೆ ಸರಿಯುತ್ತಲೇ ಇವೆ, ಎಲೆ ಮಾತ್ರ ನಿಮ್ಮ ವೇಗ ಸೊನ್ನೆ ಅನ್ನುತ್ತದೆ. ಲಾಗ್ ಅಳೆಯುವುದೂ ಅಷ್ಟೇ, ನೀರಿಗೆ ಹೋಲಿಸಿದ ವೇಗ. ನೀರೇ ಎತ್ತಲೋ ಹೊರಟಿದ್ದರೆ ಅದಕ್ಕೆ ತಿಳಿಯುವುದಿಲ್ಲ.

ನಮ್ಮ ಕರಾವಳಿಯನ್ನೇ ನೋಡಿ. ಮುಂಗಾರಿನಲ್ಲಿ ಕಾರವಾರ, ಮಂಗಳೂರಿನ ಹೊರಗಿನ ಪ್ರವಾಹ ದಕ್ಷಿಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ. ಅರ್ಧ ನಾಟ್ ಪ್ರವಾಹ ಇದ್ದರೂ ಒಂದು ದಿನಕ್ಕೆ 12 ನಾಟಿಕಲ್ ಮೈಲಿ, ಅಂದರೆ 22 ಕಿಲೋಮೀಟರ್ ವ್ಯತ್ಯಾಸ. ದಡ ಕಾಣದ ಕತ್ತಲಲ್ಲಿ ಅದು ಸಣ್ಣ ವಿಷಯ ಅಲ್ಲ.

ಈ ತೊಡಕು ಚೆನ್ನಾಗಿ ಗೊತ್ತಿದ್ದವನು ಜೇಮ್ಸ್ ರೆನೆಲ್. 14ನೇ ವಯಸ್ಸಿಗೇ ನೌಕಾಪಡೆ ಸೇರಿದ ಹುಡುಗ, ಮುಂದೆ ಈಸ್ಟ್ ಇಂಡಿಯಾ ಕಂಪನಿಗೆ ಬಂದು ಬಂಗಾಳದ ಸರ್ವೇಯರ್ ಜನರಲ್ ಆದ. 1780ರ ದಶಕದಲ್ಲಿ ಲಂಡನ್ನಿನಲ್ಲಿ ಕೂತು ಹಿಂದೂಸ್ತಾನದ ನಕ್ಷೆ ಪ್ರಕಟಿಸಿದ. ಸೈನ್ಯ ನಡೆದ ದಾರಿಯ ಟಿಪ್ಪಣಿ, ಅಲ್ಲಲ್ಲಿ ಆಕಾಶ ನೋಡಿ ಗುರುತಿಸಿದ ಸ್ಥಾನ, ಕರಾವಳಿ ಹಿಡಿದು ಸಾಗಿದ ಹಡಗುಗಳ ಲೆಕ್ಕ, ಇಂಥವನ್ನೆಲ್ಲ ಕೌದಿ ಹಾಗೆ ಹೊಲಿದು ಮಾಡಿದ ನಕ್ಷೆ. ಸೈನ್ಯದವರು ದಾರಿ ಅಳೆಯುತ್ತಿದ್ದದ್ದು ಕೈಯಲ್ಲಿ ಉರುಳಿಸಿಕೊಂಡು ಹೋಗುವ ಚಕ್ರದಿಂದ. ಎಷ್ಟು ಸುತ್ತು ಸುತ್ತಿತು ಅಂತ ಎಣಿಸುವುದು, ಗುಣಿಸುವುದು. ಹಡಗಿನ ಲಾಗ್‌ಗೆ ನೆಲದ ಅಣ್ಣತಮ್ಮ ಅನ್ನಿ. ದಾರಿ ಬಳಸಿದರೂ ದಿಣ್ಣೆ ಹತ್ತಿ ಇಳಿದರೂ ಚಕ್ರ ಸುತ್ತುತ್ತದೆ, ದೂರ ಬೆಳೆಯುತ್ತದೆ. ಇಂದಿನ ತಪ್ಪಿನ ಮೇಲೆ ನಾಳೆಯದು ಕೂರುತ್ತದೆ.

ಎರಡಕ್ಕೂ ಬೇಕಾದದ್ದು ಕದಲದ ಒಂದು ಗುರುತು. ಮಾಗಡಿ ಹತ್ತಿರ ಅಂಥದೊಂದು ಎದ್ದು ನಿಂತಿದೆ.

ಸಾವನದುರ್ಗ ಅಂದರೆ ನಮಗೆ ಶನಿವಾರದ ಟ್ರೆಕ್. ಕರಿಗುಡ್ಡ, ಬಿಳಿಗುಡ್ಡ ಎರಡೂ ಸೇರಿ 1,226 ಮೀಟರ್ ಎತ್ತರಕ್ಕೆ ಏಳುವ ಏಕಶಿಲೆ. ನಾನು ಹತ್ತಿದಾಗ ಮೇಲಿನ ನಂದಿ ಮಂಟಪದ ಹತ್ತಿರ ನೆಟ್‌ವರ್ಕ್ ಹುಡುಕುತ್ತ ಕೈ ಎತ್ತಿದವರೇ ಹೆಚ್ಚಿದ್ದರು. ಮಾಗಡಿಯ ಕೆಂಪೇಗೌಡರ ವಂಶದವರಿಂದ 1728ರಲ್ಲಿ ಮೈಸೂರಿನವರ ಕೈಗೆ ಬಂದ ಕೋಟೆ ಇದು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನವರಿಂದ ಇದನ್ನು ಕಿತ್ತುಕೊಂಡಿತು. ಬಂಡೆಯ ಬುಡಕ್ಕೆ ಫಿರಂಗಿ ಎಳೆದು ತಂದವರ ಕಣ್ಣಿಗೆ ಅದು ಗೋಡೆ ಮಾತ್ರ ಆಗಿತ್ತು. ಎಂಟು-ಹತ್ತು ವರ್ಷ ಕಳೆದು ಇನ್ನೊಬ್ಬ ಅದೇ ಬಂಡೆಯನ್ನು ಬೇರೆ ಕಣ್ಣಿಂದ ನೋಡಿದ. ಅವನು ವಿಲಿಯಂ ಲ್ಯಾಂಬ್ಟನ್.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲ್ಯಾಂಬ್ಟನ್ ಒಂದು ಯೋಜನೆ ಮುಂದಿಟ್ಟ. ದಾರಿ ಅಳೆಯುವುದೇ ಬೇಡ. ಒಂದೇ ಒಂದು ಗೆರೆಯನ್ನು ಕರಾರುವಾಕ್ಕಾಗಿ ಅಳೆಯೋಣ, ಆಮೇಲೆಲ್ಲ ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡುವುದಷ್ಟೇ, ಉಳಿದದ್ದು ಲೆಕ್ಕ. 1800ರಲ್ಲಿ ಬೆಂಗಳೂರಿನ ಹೊರಗೆ 100 ಅಡಿ ಉಕ್ಕಿನ ಸರಪಳಿ ಹಾಸಿ ಏಳೂವರೆ ಮೈಲಿಗೆ ಸ್ವಲ್ಪ ಕಡಿಮೆ ಇದ್ದ ಗೆರೆ ಅಳೆದರು. ಆ ಸರಪಳಿ ಮೂಲದಲ್ಲಿ ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವಾಗಿ ವಾಪಸು ಬಂದದ್ದು. ಆ ಗೆರೆಯಿಂದ ಹಬ್ಬಿದ ಮೊದಲ ತ್ರಿಕೋನಗಳಲ್ಲಿ ಸಾವನದುರ್ಗವೂ ಒಂದು ಮೂಲೆ.

ಮದ್ರಾಸಿನ ಹಣಕಾಸಿನವರಿಗೆ ಇದು ದುಂದುವೆಚ್ಚ ಅನ್ನಿಸಿತು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದರೆ ಪಲ್ಲಕ್ಕಿ ಬೋಯಿಗಳಿಗೆ ಹೇಳಿದರೆ ಸಾಕು, ಅದಕ್ಕೆ ನಕ್ಷೆ ಯಾಕೆ ಅಂತ ಒಬ್ಬರು ಕೇಳಿದರಂತೆ. ಆಟೋದವರನ್ನು ಕೇಳಿದರೆ ಆಗದಾ, ಮ್ಯಾಪ್ ಯಾಕೆ ಅನ್ನುವ ನಮ್ಮ ಮಾವಂದಿರ ಧಾಟಿ. ರೆನೆಲ್‌ಗೂ ಮೊದಮೊದಲು ಈ ಖರ್ಚಿನ ಅಗತ್ಯ ಕಾಣಲಿಲ್ಲ.

ತ್ರಿಕೋನಗಳು ಘಟ್ಟ ದಾಟಿ ಪಶ್ಚಿಮ ಕರಾವಳಿ ಮುಟ್ಟಿದಾಗ ಗೊತ್ತಾಯಿತು, ಮದ್ರಾಸಿನಿಂದ ಮಂಗಳೂರಿಗೆ ನೇರ ಅಂತರ ನಕ್ಷೆಗಳಲ್ಲಿದ್ದಂತೆ 400 ಮೈಲಿ ಅಲ್ಲ, 360. ನಲವತ್ತು ಮೈಲಿ ಅಗಲದ ಒಂದು ಪಟ್ಟಿ, ಇಲ್ಲಿಂದ ಶ್ರೀರಂಗಪಟ್ಟಣ ಎಷ್ಟೋ ಸುಮಾರು ಅದರ ಅರ್ಧ ಪಾಲು, ಕಾಗದದ ಮೇಲೆ ಮಾತ್ರ ಇತ್ತು. ನಮ್ಮ ನೆಲ ಅಷ್ಟು ಅಗಲ ಇಲ್ಲ ಅಂತ ಸಾಬೀತುಪಡಿಸಿದ್ದು ನೆಲ ಗೆದ್ದವರೇ, ಗೆದ್ದದ್ದನ್ನು ಎಣಿಸಿಕೊಳ್ಳಲು ಹೊರಟಾಗ. ಲ್ಯಾಂಬ್ಟನ್‌ಗೆ ಭೂಮಿಯ ಆಕಾರದ ಮೇಲಿನ ಕುತೂಹಲ ನಿಜವಾಗಿಯೂ ಇತ್ತು, ಕಂಪನಿಗೆ ಕಂದಾಯದ ಮೇಲಿನ ಕುತೂಹಲವೂ ಅಷ್ಟೇ ನಿಜ. ಡಿಗ್ರಿಯ ಉದ್ದ ನಿಖರವಾದಷ್ಟೂ ನಾಟಿಕಲ್ ಮೈಲಿಯೂ ನಿಖರ. ನಾರ್‌ವುಡ್ ಯಾರ್ಕ್ ದಾರಿಯಲ್ಲಿ ಹುಡುಕಿದ್ದನ್ನೇ ಲ್ಯಾಂಬ್ಟನ್ ನಮ್ಮ ದುರ್ಗಗಳ ತುದಿಯಲ್ಲಿ ಹುಡುಕುತ್ತಿದ್ದ.

ಇತ್ತ ಲಂಡನ್ನಿನಲ್ಲಿ ರೆನೆಲ್ ಮುದಿತನದಲ್ಲಿ ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಡಗುಗಳ ಲಾಗ್‌ಬುಕ್ ರಾಶಿ ಹಾಕಿಕೊಂಡು ಕೂತ. ಲಾಗ್ ಪ್ರಕಾರ ಹಡಗು ಇಲ್ಲಿರಬೇಕಿತ್ತು, ಆಕಾಶ ನೋಡಿದರೆ ಅಲ್ಲಿದೆ. ಎಲ್ಲರೂ ತಪ್ಪು ಅಂತ ಹೊಡೆದುಹಾಕಿದ ಆ ವ್ಯತ್ಯಾಸವನ್ನೇ ಅವನು ಆಯ್ದುಕೊಂಡ, ಯಾಕೆಂದರೆ ಪ್ರವಾಹದ ಗುರುತು ಅಲ್ಲೇ ಇರುತ್ತದೆ. ಇಂಗ್ಲೆಂಡಿನ ಸಿಲಿ ದ್ವೀಪಗಳ ಪಶ್ಚಿಮಕ್ಕೆ ಹಡಗುಗಳನ್ನು ಉತ್ತರಕ್ಕೆ ತಳ್ಳುವ ಪ್ರವಾಹವನ್ನು ಅವನು ವಿವರಿಸಿದ, ಅದಕ್ಕೆ ಅವನದೇ ಹೆಸರು ನಿಂತಿದೆ. ಅಟ್ಲಾಂಟಿಕ್ ಪ್ರವಾಹಗಳ ಕುರಿತ ಅವನ ದೊಡ್ಡ ಪುಸ್ತಕ ಹೊರಬಂದದ್ದು ಅವನು ತೀರಿಕೊಂಡ ಮೇಲೆ, 1832ರಲ್ಲಿ.

ಹಗ್ಗದ ಕಾಲ ಮುಗಿಯಿತು. ಹಿಂದೆ ಎಳೆದು ತಿರುಗಿಸುವ ಲಾಗ್‌ಗಳು ಬಂದವು, ನೀರಿನ ಒತ್ತಡ ನೋಡುವ ಪಿಟೊ ಕೊಳವೆ ಬಂತು. ಈಗ ಹಡಗಿನ ತಳದಲ್ಲಿ ವಿದ್ಯುತ್ಕಾಂತೀಯ ಲಾಗ್ ಇರುತ್ತದೆ. ಉಪ್ಪುನೀರು ವಿದ್ಯುತ್‌ವಾಹಕ, ಕಾಂತಕ್ಷೇತ್ರ ದಾಟಿ ಹರಿದರೆ ವೋಲ್ಟೇಜು ಹುಟ್ಟುತ್ತದೆ, ವೇಗ ಹೆಚ್ಚಿದಷ್ಟೂ ಅದೂ ಹೆಚ್ಚು. ಶಬ್ದ ಕಳಿಸಿ ಅಳೆಯುವ ಡಾಪ್ಲರ್ ಲಾಗ್ ಕೂಡ ಇದೆ.

ಜಿಪಿಎಸ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳಬಹುದು. ಜಿಪಿಎಸ್ ಹೇಳುವುದು ನೆಲಕ್ಕೆ ಹೋಲಿಸಿದ ವೇಗ. ಆದರೆ ಎಂಜಿನ್ ಗುದ್ದಾಡುವುದು ನೀರಿನ ಜೊತೆ, ಇಂಧನದ ಲೆಕ್ಕ ಅಲ್ಲಿಂದಲೇ. ಎದುರಿಂದ ಬರುವ ಹಡಗಿಗೆ ಡಿಕ್ಕಿ ಆಗದಂತೆ ರಾಡಾರಿನಲ್ಲಿ ನೋಡುವಾಗಲೂ ನೀರಿನ ವೇಗವೇ ಬೇಕು. ಎರಡೂ ಹಡಗು ಒಂದೇ ಪ್ರವಾಹದಲ್ಲಿ ತೇಲುತ್ತಿರುತ್ತವೆ, ಯಾರ ಮೂತಿ ಯಾವ ಕಡೆಗಿದೆ ಅನ್ನುವುದು ಅಲ್ಲಿ ಮುಖ್ಯ. ಹಾಗಾಗಿ ಇವತ್ತಿಗೂ ನವಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗಿನ ಚಾಲನಾ ಕೊಠಡಿಯಲ್ಲಿ ಎರಡು ವೇಗಗಳು ಕಾಣುತ್ತವೆ, ನೀರಿನದೊಂದು, ನೆಲದ್ದೊಂದು. ಎರಡೂ ನಾಟ್‌ಗಳಲ್ಲಿ.